ಅಪ್‌ಡೇಟ್: ಕೋಚ್ ಟೂರಲ್ಲಿ ಅಮ್ಮಂಗೆ ವಾಂತಿ ಪ್ರಾಬ್ಲಮ್

ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ (ಅರಿಜೋನಾ ರಾಜ್ಯ), ಬ್ರೈಸ್ ಕ್ಯಾನಿಯನ್ (ಯೂಟಾ ರಾಜ್ಯ) ಕಡೆ ಗೈಡೆಡ್ ಬಸ್ ಟೂರ್, ಅಮ್ಮಂಗೆ ತಿರುವು ರಸ್ತೇಲಿ ವಾಂತಿ ಬರತ್ತೆ ಏನ್ಮಾಡ್ಲಿ ಅಂತ ಕೇಳಿದ್ನಲ್ಲ, ಹೋಗಿ ಬಂದ್ವಿ. ಮುಂದಿನ ಸೀಟ್ ಹಿಡೀರಿ ಅಂದಿದ್ರಿ, ಅದು ನಡೀಲಿಲ್ಲ, ದಿನಾ ಸೀಟ್ ರೊಟೇಶನ್ ಮಾಡ್ತಾರೆ. ಶುಂಠಿ ಕ್ಯಾಂಡಿ ಬಾಯಿಗೆ ರುಚಿ ಅಷ್ಟೇ. ಡಾಕ್ಟರನ್ನ ಕೇಳಿ ಹೊರಡೋ ಒಂದ್ ಗಂಟೆ ಮುಂಚೆ ಮಾತ್ರೆ ತಗೊಳ್ಳಿ, ಮೊಬೈಲ್ ಬಿಟ್ಟು ದೂರದ ಬೆಟ್ಟ ನೋಡ್ತಾ ಕೂತ್ಕೊಳ್ಳಿ ಅಂದ್ರಲ್ಲ ಒಬ್ರು, ಕೆಲಸ ಮಾಡಿದ್ದು ಅದು! ನಿದ್ದೆ ಮಾತ್ರ ಸಿಕ್ಕಾಪಟ್ಟೆ, ಅರ್ಧ ಯೂಟಾನ ಅಮ್ಮ ಗೊರಕೇಲೇ ದಾಟಿದ್ರು.

ಇನ್ನೊಂದು, ಬೇಸಿಗೇಲಿ ಅಮೆರಿಕದ ಹೆಚ್ಚಿನ ಕಡೆ ಗಡಿಯಾರ ಒಂದ್ ಗಂಟೆ ಮುಂದೆ ಇಡ್ತಾರೆ, ಅರಿಜೋನಾದವ್ರು ಇಡಲ್ಲ, ಆದ್ರೆ ಅರಿಜೋನಾದಲ್ಲೂ ಹರಡಿರೋ ನವಾಹೋ ನೇಷನ್‌ನವ್ರು (ಮೂಲನಿವಾಸಿಗಳ ಸ್ವಂತ ಆಡಳಿತದ ಪ್ರದೇಶ) ಇಡ್ತಾರೆ, ಗಡಿ ಹತ್ರ ಫೋನ್ ಟೈಮ್ ಒಂದ್ ಗಂಟೆ ಹಿಂದೆ ಮುಂದೆ ಕುಣೀತಿತ್ತು, ಹಾಗಾಗಿ ಬಸ್ ಹೊರಡೋ ಟೈಮ್‌ಗೆ ಗೈಡ್ ವಾಚನ್ನೇ ನಂಬಿ. ಬ್ರೈಸ್ ರಿಮ್ (ಕಣಿವೆ ಮೇಲಿನ ಅಂಚು) ಸುಮಾರು 8,000 ಅಡಿ ಎತ್ತರದಲ್ಲಿದೆ, ಬೇಸಿಗೆ ಆದ್ರೂ ಬೆಳಗ್ಗೆಗೆ ಸ್ವೆಟರ್ ಇಟ್ಕೊಳ್ಳಿ.