ಪದಚರ್ಚೆ: ‘ಜಾರು’ ಸರಿ, ಅದರ ಬೆನ್ನಿಗೆ ಹುಟ್ಟುವ ಎದುರು ನಾದಕ್ಕೆ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ಉಡುಪಿಯ ಗೆಳೆಯರೊಬ್ಬರು ಲ್ಯಾಪ್ ಸ್ಟೀಲ್ ಗಿಟಾರ್ ನುಡಿಸುತ್ತಾರೆ. ನುಡಿಸುತ್ತಾರೆ ಎನ್ನುವುದಕ್ಕಿಂತ ಅದನ್ನು ಕೆಣಕುತ್ತಾರೆ ಎನ್ನುವುದೇ ಸರಿ. ಅವರ ಮನೆಯ ಜಗಲಿಯಲ್ಲಿ ನಡೆಯುವ ಪುಟ್ಟ ಕಛೇರಿಗೆ ಬರುವವರ ಕೈಗೆ ಕೊಡಲು ಎರಡು ಪುಟದ ಕನ್ನಡ ಟಿಪ್ಪಣಿ ಬೇಕಂತೆ. ಬರೆಯುವ ಹೊಣೆ ನನ್ನದು. ಮುಕ್ಕಾಲು ಪಾಲು ಬರೆದಾಗಿದೆ, ಒಂದು ಪದ ಮಾತ್ರ ಸಿಗುತ್ತಿಲ್ಲ.

ವಾದ್ಯ ಗೊತ್ತಿಲ್ಲದವರಿಗಾಗಿ ಎರಡು ಮಾತು. ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸುತ್ತಾರೆ. ಎಡಗೈಯ ಬೆರಳುಗಳು ತಂತಿಯನ್ನು ಮೆಟ್ಟಿಲಿಗೆ, ಅಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗೆ, ಒತ್ತುವುದಿಲ್ಲ. ಹೆಬ್ಬೆರಳ ಗಾತ್ರದ ಉಕ್ಕಿನ ಸರಳನ್ನು ತಂತಿಗಳ ಮೇಲಿಟ್ಟು ಜಾರಿಸುತ್ತವೆ. ಈ ಕ್ರಮ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹವಾಯಿಯಲ್ಲಿ ಬೆಳೆಯಿತು. ಇದನ್ನು ರೂಢಿಗೆ ತಂದವನೆಂದು ಸಾಮಾನ್ಯವಾಗಿ ಜೋಸೆಫ್ ಕೆಕುಕು ಎಂಬವನನ್ನು ಹೆಸರಿಸುತ್ತಾರೆ. ನಮ್ಮ ದೇಶದಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಇದನ್ನು ಹಿಂದೂಸ್ತಾನಿ ರಾಗಗಳಿಗೆ ಒಗ್ಗಿಸಿದರು. ವಿಶ್ವಮೋಹನ ಭಟ್ಟರು ತಾವು ಮಾರ್ಪಡಿಸಿದ ಗಿಟಾರಿಗೆ ಮೋಹನ ವೀಣೆ ಎಂದು ಹೆಸರಿಟ್ಟರು, 1994ರಲ್ಲಿ ಗ್ರ್ಯಾಮಿ ಪಡೆದರು.

ಮೊದಲು ಆ ಉಕ್ಕಿನ ತುಂಡಿನ ಹೆಸರು. ದಕ್ಷಿಣಾದಿಯಲ್ಲಿ, ಅಂದರೆ ಕರ್ನಾಟಕ ಸಂಗೀತದಲ್ಲಿ, ಇದೇ ಬಗೆಯ ವಾದ್ಯ ಮೊದಲೇ ಇದೆ: ಗೋಟುವಾದ್ಯ, ಈಗಿನ ಚಿತ್ರವೀಣೆ. ತಂತಿಯ ಮೇಲೆ ಜಾರಿಸುವ ತುಂಡೇ ಅಲ್ಲಿ ಗೋಟು. ಪರಂಪರೆಯ ಬಲವಿರುವ ಪದ, ನನಗೂ ಇಷ್ಟ. ಆದರೆ ನಮ್ಮ ಜಿಲ್ಲೆಗಳಲ್ಲಿ ಗೋಟು ಎಂದರೆ ಅಡಿಕೆ. ‘ಗೋಟನ್ನು ಓರೆಯಾಗಿ ಹಿಡಿಯಬೇಕು’ ಎಂದು ಬರೆದರೆ ಪುತ್ತೂರಿನ ಕಡೆಯವರು ಇವತ್ತು ಕರಿಗೋಟಿಗೆ ಎಷ್ಟು ಧಾರಣೆ ಎಂದು ಕೇಳಿಯಾರು. ಹಾಗಾಗಿ ‘ಸರಳು’ ಎಂದೇ ಇಟ್ಟುಕೊಂಡಿದ್ದೇನೆ. ಇದರಲ್ಲಿ ನನಗೆ ತಕರಾರಿಲ್ಲ.

ಉಳಿದ ಕೆಲವು ಕ್ರಮಗಳಿಗೂ ಪದಗಳು ಸುಲಭವಾಗಿ ಬಂದವು. ಎರಡು ತಂತಿಗಳ ನಡುವಿನ ಅಂತರವನ್ನು ಬದಲಿಸಲು ಸರಳನ್ನು ವಾಲಿಸಿ ಹಿಡಿಯುವುದು ‘ಓರೆ’. ಬಲಗೈ ಮೀಟದೆ ಸರಳನ್ನೇ ತಂತಿಯ ಮೇಲೆ ಕುಪ್ಪಳಿಸಿ ನಾದ ಹೊರಡಿಸುವುದು ‘ಪುಟಿಸು’. ಸುತ್ತು ತಂತಿಯ ಉದ್ದಕ್ಕೂ ಸರಳಿನ ಅಂಚನ್ನು ಉಜ್ಜಿ ಗರಗರ ಸದ್ದು ತರುವುದು ‘ಗೀರು’. ಕಡಲ ಗಾಳಿಗೆ ಇಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಆದ್ದರಿಂದ ಈ ಕೊನೆಯ ಕ್ರಮಕ್ಕೆ ಉಡುಪಿಯಲ್ಲಿ ವಿಶೇಷ ಪ್ರಯತ್ನವೇನೂ ಬೇಕಾಗಿಲ್ಲ.

‘ಜಾರು’ ಎಂಬುದಂತೂ ಸಿದ್ಧವಾಗಿಯೇ ಇತ್ತು. ಕರ್ನಾಟಕ ಸಂಗೀತದ ಗಮಕಗಳಲ್ಲಿ, ಅಂದರೆ ಸ್ವರವನ್ನು ಅಲಂಕರಿಸುವ ಬಗೆಗಳಲ್ಲಿ, ಅದೂ ಒಂದು. ಏರುಜಾರು, ಇಳಿಜಾರು ಎಂದು ಎರಡು ಬಗೆ. ಇಳಿಜಾರು ಎಂದೊಡನೆ ಆಗುಂಬೆ ಘಾಟಿ ನೆನಪಾಗುವವರಿಗೂ ಅರ್ಥ ತಪ್ಪುವುದಿಲ್ಲ.

ಇನ್ನು ನನ್ನ ಕಗ್ಗಂಟು. ಸರಳನ್ನು ತಂತಿಯ ಮೇಲಿಟ್ಟಾಗ ತಂತಿ ಎರಡು ಪಾಲಾಗುತ್ತದೆ. ಸರಳಿನಿಂದ ಕುದುರೆಯವರೆಗಿನ (ಬಲಗೈ ಕಡೆ ತಂತಿಗೆ ಆಸರೆಯಾಗುವ ತುಂಡಿನವರೆಗಿನ) ಪಾಲನ್ನು ನಾವು ಮೀಟುತ್ತೇವೆ, ಕೇಳುತ್ತೇವೆ. ಸರಳಿನಿಂದ ಗಿಟಾರಿನ ತಲೆಯವರೆಗಿನ ಪಾಲೂ ಕಂಪಿಸುತ್ತದೆ. ಅದು ಬೇಡದ ಸದ್ದು ಎಂಬುದು ಎಲ್ಲ ಗುರುಗಳ ಪಾಠ. ಎಡಗೈಯ ಕೊನೆಯ ಎರಡು ಬೆರಳುಗಳನ್ನು ಸರಳಿನ ಹಿಂದೆ ತಂತಿಗಳ ಮೇಲೆ ಎಳೆದುಕೊಂಡೇ ಹೋಗಿ ಅದನ್ನು ಅಡಗಿಸಬೇಕು. ನಮ್ಮ ಗೆಳೆಯರು ಮಾಡುವುದು ಇಷ್ಟೇ: ಆ ಎರಡು ಬೆರಳುಗಳನ್ನು ಎತ್ತಿಬಿಡುತ್ತಾರೆ. ವಿದ್ಯುತ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ಕುದುರೆಯ ಬಳಿ ಇರುವುದರಿಂದ ಹಿಂದಿನ ಪಾಲಿನ ನಾದ ಅದಕ್ಕೆ ಸರಿಯಾಗಿ ನಿಲುಕದು. ಅದಕ್ಕೆಂದೇ ಗಿಟಾರಿನ ತಲೆಗೆ ಬಿಲ್ಲೆಯಂಥ ಮೈಕ್ ಅಂಟಿಸಿದ್ದಾರೆ.

ಕೇಳುವಾಗ ಮೈ ಜುಮ್ಮೆನ್ನುತ್ತದೆ. ಕಾರಣ ಸರಳವಾದ ಗಣಿತ. ತಂತಿಯ ಉದ್ದ 22.5 ಇಂಚು, ಬಿಡಿತಂತಿ ಷಡ್ಜ ಎಂದಿಟ್ಟುಕೊಳ್ಳಿ. ಏಳನೆಯ ಮೆಟ್ಟಿಲಿನ ಗೆರೆಯ ಮೇಲೆ, ಅಂದರೆ ತಲೆಯಿಂದ ಸುಮಾರು 7.5 ಇಂಚಿನಲ್ಲಿ ಸರಳಿಟ್ಟರೆ ಮುಂದಿನ ಪಾಲು ಪಂಚಮ ನುಡಿಯುತ್ತದೆ. ಹಿಂದಿನ ಪಾಲು ಅದರ ಅರ್ಧದಷ್ಟೇ ಉದ್ದ, ಹಾಗಾಗಿ ಒಂದು ಸ್ಥಾಯಿ ಮೇಲಿನ ಪಂಚಮ. ಐದನೆಯ ಮೆಟ್ಟಿಲಿನಲ್ಲಿ ಮುಂದೆ ಮಧ್ಯಮ, ಹಿಂದೆ ಎರಡು ಸ್ಥಾಯಿ ಮೇಲಿನ ಷಡ್ಜ. ಈಗ ಐದರಿಂದ ಏಳಕ್ಕೆ ಜಾರಿಸಿ. ಮುಂದಿನ ನಾದ ಮಧ್ಯಮದಿಂದ ಪಂಚಮಕ್ಕೆ ಒಂದೇ ಸ್ವರದಷ್ಟು ಏರುತ್ತದೆ. ಅದೇ ಹೊತ್ತಿಗೆ ಹಿಂದಿನದು ಷಡ್ಜದಿಂದ ಕೆಳಗಿನ ಪಂಚಮಕ್ಕೆ ಧುಮುಕುತ್ತದೆ. ಒಂದೇ ಕೈಚಲನೆ, ಒಂದು ಏರು, ಒಂದು ಇಳಿ, ಎರಡರ ವೇಗವೂ ಬೇರೆ. ಹನ್ನೆರಡನೆಯ ಮೆಟ್ಟಿಲಿನಲ್ಲಿ, ತಂತಿಯ ನಟ್ಟನಡುವೆ, ಎರಡೂ ತಾರಷಡ್ಜದಲ್ಲಿ ಸೇರಿ ಒಂದಾಗುತ್ತವೆ. ಅಲ್ಲಿಂದ ಮುಂದೆ ಒಂದನ್ನೊಂದು ದಾಟಿ ಹೋಗುತ್ತವೆ.

ಇದಕ್ಕೆ ಕನ್ನಡದಲ್ಲಿ ಏನೆನ್ನುವುದು?

‘ಮಾರ್ದನಿ’ ಎನ್ನಲು ಬಾಯಿ ತವಕಿಸುತ್ತದೆ. ಎದುರಾಗಿ ಹುಟ್ಟುವ ದನಿ, ಅರ್ಥ ಅಚ್ಚುಕಟ್ಟು. ಆದರೆ ಅದು ಪ್ರತಿಧ್ವನಿಗೆ ಮೀಸಲಾಗಿಹೋಗಿದೆ, ಇಲ್ಲಿ ಯಾವುದೂ ಮರಳಿ ಬರುತ್ತಿಲ್ಲ. ‘ವಿಲೋಮ’, ‘ಪ್ರತಿಲೋಮ’ಗಳನ್ನು ಪಲ್ಲವಿ ಹಾಡುವವರು ಲಯದ ಕಸರತ್ತಿಗೆ ಬಳಸುತ್ತಾರೆ. ಜಗಲಿಯಲ್ಲಿ ಕೂರುವವರಲ್ಲಿ ಅವರೂ ಇರುವುದರಿಂದ ಗೊಂದಲ ಖಚಿತ. ‘ಎದುರುಜಾರು’ ಕೇಳಲು ಚೆನ್ನ, ಆದರೆ ‘ಎದುರು’ ಎಂದರೆ ಮುಂದೆ ಎಂದೂ ಆಗುತ್ತದೆ, ನಾನು ಹೇಳಹೊರಟಿರುವುದು ಹಿಂದಿನ ನಾದವನ್ನು. ‘ಬೆನ್ನುದನಿ’ ಜಾಗವನ್ನು ಹೇಳುತ್ತದೆ, ಚಲನೆಯನ್ನು ಹೇಳುವುದಿಲ್ಲ.

ಮಾರ್ನುಡಿ, ಮಾರ್ಬಲ, ಮಾರ್ಮಲೆ ಇವುಗಳಲ್ಲಿರುವ ‘ಮಾರ್’ ಅನ್ನು ಜಾರುವಿಗೆ ಸೇರಿಸಿ ನೋಡಿದೆ. ಬಂದದ್ದು ‘ಮಾರ್ಜಾರು’. ಗೆಳೆಯರು ಬಿದ್ದು ಬಿದ್ದು ನಕ್ಕರು: ಸಂಸ್ಕೃತದ ಬೆಕ್ಕೇ ಬಂದು ಕೂತಿದೆ, ನಾದವೂ ಹಾಗೆಯೇ ಇದೆ, ಇದನ್ನೇ ಇಡಿ ಎಂದರು. ಹಳಗನ್ನಡದ ಕಾಗುಣಿತದಲ್ಲಿ ಮಾರ್, ಜಾರು ಎರಡಕ್ಕೂ ಶಕಟರೇಫ, ಅಂದರೆ ‘ಱ’ ಎಂಬ ಹಳೆಯ ಅಕ್ಷರ. ‘ಮಾಱ್ಜಾಱು’ ಎಂದು ಬರೆದರೆ ಬೆಕ್ಕು ಓಡಿಹೋಗುತ್ತದೆ, ಜೊತೆಗೆ ಓದುಗರೂ. ನಡುವೆ ಒಂದು ಉಕಾರ ಉಳಿಸಿ ‘ಮಾರುಜಾರು’ ಎಂದರೆ ನಾಲಿಗೆಗೆ ಹಿತ, ಬೆಕ್ಕಿನ ಕಾಟವೂ ಇಲ್ಲ. ಸದ್ಯಕ್ಕೆ ನನ್ನ ಒಲವು ಅದರ ಕಡೆಗೆ.

ಬಲ್ಲವರಲ್ಲಿ ಎರಡು ಪ್ರಶ್ನೆ. ‘ಮಾರ್’ ಸಾಮಾನ್ಯವಾಗಿ ಹಗೆಯನ್ನೋ ಉತ್ತರವನ್ನೋ ಸೂಚಿಸುತ್ತದೆ. ಹಗೆಯಿಲ್ಲದ ಬರಿಯ ವಿರುದ್ಧ ದಿಕ್ಕನ್ನು ಸೂಚಿಸಿದ ಹಳೆಯ ಪ್ರಯೋಗ ಯಾರಿಗಾದರೂ ಕಂಡಿದೆಯೇ? ಇನ್ನೊಂದು: ಬಾವಿಯ ರಾಟೆಯಲ್ಲಿ ಒಂದು ಕೊಡ ಏರುವಾಗ ಇನ್ನೊಂದು ಇಳಿಯುವಂತೆ, ಒಂದೇ ಎಳೆತಕ್ಕೆ ಎರಡು ಕಡೆ ಚಲಿಸುವುದಕ್ಕೆ ತುಳುವಿನಲ್ಲೋ ಕುಂದಾಪುರದ ಕನ್ನಡದಲ್ಲೋ ಕೊಂಕಣಿಯಲ್ಲೋ ಒಂಟಿ ಪದವಿದೆಯೇ? ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಬಂದ ತುಳು ನಿಘಂಟು ಮತ್ತು 1894ರ ಕಿಟ್ಟೆಲ್ ಕನ್ನಡ ನಿಘಂಟು ಎರಡೂ ನನ್ನ ಬಳಿ ಇವೆ. ಯಾವ ಮೂಲಪದದ ಕೆಳಗೆ ಹುಡುಕಬೇಕೆಂದು ತಿಳಿಸಿದರೂ ಸಾಕು.