ಔಟ್‌ಬ್ರೇಕ್ ಸಿಮ್ಯುಲೇಶನ್ (ರೋಗ ಹಬ್ಬಿದಾಗಿನ ತನಿಖೆಯ ಅಣಕು ಆಟ) ಮಾಡಿಸಿದವರು ಅನುಭವ ಹೇಳ್ರಿ

ಕೊಪ್ಪಳ: ಎಂಬಿಬಿಎಸ್ಸಿನ 150 ಹುಡುಗರಿಗೆ ಎಪಿಡೆಮಿಯಾಲಜಿ, ಅಂದ್ರ ರೋಗ ಯಾರಿಗೆ, ಹೆಂಗ ಹಬ್ಬತದ ಅನ್ನೋ ವಿಷಯ, ಹೇಳ್ತೀನಿ. ಅಟ್ಯಾಕ್ ರೇಟ್ (ರೋಗ ತಗಲಬಹುದಾಗಿದ್ದ ಮಂದಿಯೊಳಗ ಎಷ್ಟು ಪಾಲು ಜಡ್ಡಾದ್ರು ಅನ್ನೋದು) ಸೂತ್ರ ಬಾಯಿಪಾಠ, ಲೆಕ್ಕ ಕೊಟ್ರ ತಡವರಿಸ್ತಾರ. ಸಾಫ್ಟ್‌ವೇರ್ ತರಸಲೋ, ಕಾಗದದಾಗ ಮಾಡಸಲೋ?

ಬಳ್ಳಾರಿ: ಸಾಫ್ಟ್‌ವೇರ್ ಬ್ಯಾಡ್ರಿ ಸರ್. ಎಂಟು ತಿಂಗಳು ಫೈಲ್ ಹಿಂದ ಓಡಾಡಿ 42,000 ಮಂಜೂರು ಮಾಡಿಸಿದ್ದೆ. ಲ್ಯಾಬಿನ 30 ಕಂಪ್ಯೂಟರಿನಾಗ 11 ಚಾಲೂನ ಆಗಲಿಲ್ಲ. ಏಪ್ರಿಲ್ ಬಿಸಲಾಗ ಎರಡು ಸಲ ಕರೆಂಟ್ ಹೋತು, ಯುಪಿಎಸ್ 7 ನಿಮಿಷಕ್ಕ ಕೈಕೊಡ್ತು, ಹುಡುಗರು ಮತ್ತ ಒಂದನೇ ದಿನದಿಂದ ಶುರು. ಲಾಕ್‌ಡೌನ್ ಗುಂಡಿ ಒತ್ತಿದ್ರ ಗ್ರಾಫ್ ಇಳೀತದಂತ ಗೊತ್ತಾದ ಮ್ಯಾಲೆ ಎಲ್ಲರೂ ಅದನ್ನ ಒತ್ತಿದ್ರು. ಲೈನ್ ಲಿಸ್ಟ್ (ಒಬ್ಬೊಬ್ಬ ರೋಗಿಯ ವಿವರದ ಪಟ್ಟಿ) ಒಬ್ಬರೂ ತೆರೀಲಿಲ್ಲ. ಇವತ್ತಿಗೂ ಹೊಟ್ಟಿ ಉರೀತದ.

ರಾಯಚೂರು: ಕಾಗದ ಸಾಕ್ರಿ. ಅಂಕಿ 1940ರಾಗ ಅಮೆರಿಕದ ಆಸ್ವೀಗೊದಾಗ ಮಂದಿ ಉಂಡು ಜಡ್ಡಾದ ಚರ್ಚ್ ಊಟದ್ದು, ಊಟ ನಮ್ಮ ಮದುವಿದು: ಗೋಧಿ ಹುಗ್ಗಿ, ಬದ್ನಿಕಾಯಿ ಪಲ್ಯ, ಐಸ್‌ಕ್ರೀಂ. 75 ಹುಡುಗರಿಗೆ ಉಂಡವರ ಚೀಟಿ, ಉಳಿದವರು ತನಿಖೆಗೆ. ಜೆರಾಕ್ಸ್ 380, ಲಕೋಟೆ 150, ಅಷ್ಟೂ ನನ್ನ ಕೈಯಿಂದ. ಮೊದಲನೇ ವರ್ಷ ಉತ್ತರ ಹಾಸ್ಟೆಲಿನಾಗ ಸೋರಿ, ರಾತ್ರಿಯೆಲ್ಲ ಕುಂತು 75 ಚೀಟಿ ಮತ್ತ ಬರದೆ. ಎಲ್ಲರೂ ಜಡ್ಡಾದ 46 ಮಂದೀನ ಸುತ್ತಗಟ್ಟತಾರ. ಆರಾಮಿದ್ದ 29 ಮಂದಿ ಬೆಂಚಿನ ಮ್ಯಾಲೆ ಸುಮ್ನ ಕುಂತಿರ್ತಾರ. ಈ ಸಲ ಒಬ್ಬಾಕಿ ಎದ್ದು ಹೋಗಿ ಅವರನ್ನ, ‘ನೀವು ಐಸ್‌ಕ್ರೀಂ ತಿಂದ್ರೇನು?’ ಅಂದ್ಲು. ತಿಂದ 54ರಾಗ 43 ಜಡ್ಡು, ತಿನ್ನದ 21ರಾಗ 3. ಬೋರ್ಡಿನ ಮುಂದ ನಾ ಮಾತಾಡೋದ ಉಳೀಲಿಲ್ಲ.

ಬಳ್ಳಾರಿ: ಒಂದು ಊಟ ಕಲಿಸಿದ್ರ ಎಪಿಡೆಮಿಯಾಲಜಿ ಮುಗೀತೇನ್ರಿ? ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದಿದ್ರ ದಡಾರ ಒಬ್ಬರಿಂದ 12ರಿಂದ 18 ಮಂದಿಗೆ ಹಬ್ಬತದ. ಅದನ್ನ ಚೀಟಿಯಾಗ ಹೆಂಗ ತೋರಸ್ತೀರಿ?

ರಾಯಚೂರು: ಎಕ್ಸೆಲ್‌ನಾಗ ಎಸ್‌ಐಆರ್ ಮೂರು ಕಾಲಂ (ರೋಗ ತಗಲಬಹುದಾದವರು, ತಗಲಿದವರು, ಆರಾಮಾದವರು) ಹಾಕ್ರಿ, ಪುಕ್ಕಟೆ. ನಿಮ್ಮ 42,000 ಹೋದ ಸಿಟ್ಟು ನನ್ನ ಮ್ಯಾಲೆ ಯಾಕ?

ಮಾನ್ವಿ ಕಡಿ ಪಿಎಚ್‌ಸಿ: 2022ರಾಗ ರಾಯಚೂರಿನಾಗ ಕೆಟ್ಟ ನೀರು ಕುಡಿದು ಮಂದಿ ಸತ್ತಾರ. ಅದನ್ನ ಬಿಟ್ಟು ಅಮೆರಿಕದ ಐಸ್‌ಕ್ರೀಂ ಯಾಕ ಸರ್? ನಾ ಸೇರಿದ ವರ್ಷ ಒಂದು ತಾಂಡಾದಾಗ ವಾಂತಿ-ಭೇದಿ. ಮೊದಲು ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಗುಳಿಗಿ ಹಂಚಿದೆ, ಆಮ್ಯಾಲೆ ಮಲದ ಸ್ಯಾಂಪಲ್ ನೆನಪಾತು. ಸ್ಯಾಂಪಲ್ ಕೆಡದಂಗ ಲ್ಯಾಬಿಗೆ ಒಯ್ಯೋ ಕ್ಯಾರಿ-ಬ್ಲೇರ್ ಟ್ಯೂಬೂ ಇರಲಿಲ್ಲ. ಗುಳಿಗಿಗೆ ಕ್ರಿಮಿ ಮೊದಲ ಸತ್ತಿರಬೇಕು, ಕಳಿಸಿದ್ದೆಲ್ಲ ನೆಗೆಟಿವ್. ಮುದುಕಿ ‘ಸಂಡಾಸ ಹತ್ತ್ಯಾವ್ರಿ’ ಅಂದ್ರ ದಿನಕ್ಕ ಎಷ್ಟು ಸಲ ಅಂತ ಕೇಳೋದೂ ಮರ್ತಿದ್ದೆ. ಅದನ್ನ ಆಟದಾಗ ಕಲಸ್ರಿ, ಕನ್ನಡದಾಗ.

ಬಳ್ಳಾರಿ: ನಮ್ಮಲ್ಲಿ ಹೊರ ರಾಜ್ಯದ ಹುಡುಗರೂ ಅದಾರ. ಅವರಿಗೆ ಕನ್ನಡ ಬರಂಗಿಲ್ಲ.

ಮಾನ್ವಿ ಕಡಿ ಪಿಎಚ್‌ಸಿ: ಅವರಿಗೂ ಹಳ್ಳಿ ಪೋಸ್ಟಿಂಗ್ ಇಲ್ಲೇ ಅಲ್ಲೇನ್ರಿ? ಆ ಮುದುಕಿ ಇಂಗ್ಲಿಷ್ ಕಲೀಬೇಕೇನು?