ಹಳೆಯ ಕಂಬಗಳಿಗೆ ಕಾರ್ಬನ್ ಫೈಬರ್ ಸುತ್ತಿಸಿ ಮೇಲಂತಸ್ತು ಕಟ್ಟಬಹುದೇ?

ಪ್ರಶ್ನೆ:
ರಾಯಚೂರಿನ ನಮ್ಮ ಕಟ್ಟಡವನ್ನು 1996ರಲ್ಲಿ ಕಟ್ಟಿಸಿದ್ದು, ಕೆಳಗೆ ಮಳಿಗೆಗಳೂ ಮೇಲೆ ಮನೆಯೂ ಇವೆ. ಇನ್ನೊಂದು ಅಂತಸ್ತು ಏರಿಸುವ ವಿಚಾರವಿದೆ. 9x12 ಇಂಚಿನ ಕಂಬಗಳ ಕಾಂಕ್ರೀಟ್ ದುರ್ಬಲವೆಂದು ಪರೀಕ್ಷೆಯಲ್ಲಿ ತಿಳಿದುಬಂದಿದ್ದು, ಕಾಂಕ್ರೀಟ್ ಜಾಕೆಟ್ (ಕಂಬದ ಸುತ್ತ ಹೊಸ ಕಾಂಕ್ರೀಟ್ ಪದರ) ಹಾಕಿಸಿದರೆ ಮಳಿಗೆಯ ಜಾಗ ಹೋಗುವುದರಿಂದ ಕಾರ್ಬನ್ ಫೈಬರ್ ಬಟ್ಟೆಯನ್ನು ಎಪಾಕ್ಸಿ ಎಂಬ ಅಂಟಿನಿಂದ ಅಂಟಿಸಿ ಸುತ್ತಿಸಿರೆಂದು ಗುತ್ತಿಗೆದಾರರು ಹೇಳುತ್ತಾರೆ. ಎರಡು ಕಂಬಗಳ ಬುಡದಲ್ಲಿ ಗಿಲಾವು ಉಬ್ಬಿ, ಸರಳಿನ ಗುಂಟ ಬಿರುಕು ಬಿಟ್ಟಿದೆ. ಬಟ್ಟೆ ಸುತ್ತಿದರೆ ಇದೂ ಸರಿಹೋಗುತ್ತದೆಯೇ?

ಉತ್ತರ 1:
ಬಿರುಕು ಮುಚ್ಚಿಹೋಗುತ್ತದೆ, ಸರಿಹೋಗುವುದಿಲ್ಲ. ತುಕ್ಕು ಹಿಡಿದ ಸರಳು ಬಟ್ಟೆಯ ಒಳಗೂ ಹಿಗ್ಗುತ್ತಲೇ ಇರುತ್ತದೆ. ಆದ್ದರಿಂದ ಸಡಿಲವಾದ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೆ ಕೆತ್ತಿ, ತುಕ್ಕು ತೆಗೆದು, ರಿಪೇರಿ ಗಾರೆ ತುಂಬಿದ ಮೇಲೆಯೇ ಸುತ್ತಬೇಕು. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುವುದರಿಂದ ಅದು ಸರಳಿಗೆ ನೇರವಾಗಿ ತಾಗಿದರೆ ತುಕ್ಕು ಇನ್ನೂ ಬೇಗ ಹಬ್ಬುತ್ತದೆ.

ಭಾರ ಬಿದ್ದಾಗ ಕಾಂಕ್ರೀಟ್ ಅಡ್ಡಕ್ಕೆ ಉಬ್ಬಲು ನೋಡುತ್ತದೆ. ಬಟ್ಟೆಯು ಆ ಉಬ್ಬನ್ನು ಬಿಗಿಹಿಡಿಯುವುದರಿಂದ ಕಂಬದ ತಾಳಿಕೆ ಹೆಚ್ಚುತ್ತದೆ. ದುಂಡು ಕಂಬದಲ್ಲಿ ಈ ಬಿಗಿ ಸುತ್ತಲೂ ಸಮನಾಗಿರುತ್ತದೆ, ಚೌಕ ಕಂಬದಲ್ಲಿ ಮೂಲೆಗಳಲ್ಲಷ್ಟೇ ಚೆನ್ನಾಗಿ ಕೂರುತ್ತದೆ. ಮೂಲೆ ಚೂಪಾಗಿದ್ದರೆ ಎಳೆಗಳು ಅಲ್ಲಿಯೇ ಹರಿಯುತ್ತವೆ. ಅಮೆರಿಕದ ಕಾಂಕ್ರೀಟ್ ಸಂಸ್ಥೆಯ ಎಸಿಐ 440 ಮಾರ್ಗಸೂಚಿಯಂತೆ ಮೂಲೆಯ ತ್ರಿಜ್ಯ ಕನಿಷ್ಠ 13 ಮಿ.ಮೀ. ಇರಬೇಕು. 10 ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ.; ಗ್ರೈಂಡರ್ ಹೊಡೆದ ಮೂಲೆಯ ಪಕ್ಕ ಅದನ್ನು ಹಿಡಿದು, ಬಾಗು ಅದಕ್ಕಿಂತ ಚೂಪಾಗಿದ್ದರೆ ಕೆಲಸ ನಿಲ್ಲಿಸಿ. ನಾನು ಕಂಡ ಹೆಚ್ಚಿನ ಕೆಲಸಗಳು ಕೆಟ್ಟಿದ್ದು ಇಲ್ಲಿಯೇ.

ಉತ್ತರ 2:
ಪಾಯದ ಮಾತನ್ನು ಯಾರೂ ಎತ್ತಲಿಲ್ಲ. ಕಂಬ ಎಷ್ಟೇ ಗಟ್ಟಿಯಾದರೂ ಹೊಸ ಅಂತಸ್ತಿನ ಭಾರವೆಲ್ಲ ಹಳೆಯ ಫೂಟಿಂಗ್ (ಕಂಬದ ಬುಡದ ಪಾಯ) ಮೇಲೆಯೇ ಇಳಿಯುತ್ತದೆ, ಅದರಲ್ಲೂ ಕೆಳಗೆ ಎರೆಮಣ್ಣಿದ್ದರೆ ಹೇಳುವುದೇ ಬೇಡ. ಇನ್ನೊಂದು ವಿಷಯವೆಂದರೆ, ಬಟ್ಟೆ ಹಾನಿಗೊಂಡು ಇಲ್ಲವೇ ಆದರೂ ಕಂಬವು ಹೊಸ ಕಾಯಂ ಭಾರದ (ಕಟ್ಟಡದ ಸ್ವಂತ ತೂಕ) 1.1 ಪಟ್ಟು ಮತ್ತು ಚರಭಾರದ (ಜನ, ಸಾಮಾನಿನ ತೂಕ) 0.75 ಪಟ್ಟನ್ನು ಒಟ್ಟಿಗೆ ಹೊರುವಂತಿರಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಗುತ್ತಿಗೆದಾರರಿಂದಲ್ಲ, ಸ್ಟ್ರಕ್ಚರಲ್ ಎಂಜಿನಿಯರರಿಂದ ಈ ಲೆಕ್ಕವನ್ನು ಬರೆಸಿಕೊಳ್ಳಿ. ಅದು ಹೊಂದದಿದ್ದರೆ ಜಾಗ ಹೋದರೂ ಜಾಕೆಟ್ಟೇ ಗತಿ.

ಉತ್ತರ 3:
ಸುತ್ತಿಸುವುದೇ ಆದರೆ ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಬೇಡ. ಕಲಸಿದ ಎಪಾಕ್ಸಿ ಬಟ್ಟೆಯೊಳಗೆ ಇಳಿಯುವ ಮೊದಲೇ ಬಕೆಟ್ಟಿನಲ್ಲಿ ಗಟ್ಟಿಯಾಗುತ್ತದೆ. ಕೊನೆಯ ಲೇಪ ಹಸಿಯಿರುವಾಗಲೇ ಒಣ ಮರಳು ಎರಚಿಸಿ, ಇಲ್ಲದಿದ್ದರೆ ಅದರ ಮೇಲೆ ಗಿಲಾವು ನಿಲ್ಲದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಮೊದಲು ಎರಡು ಕಂಬಗಳ ಪಕ್ಕ ಗುಂಡಿ ತೋಡಿಸಿ ಫೂಟಿಂಗ್ ಅಳತೆ ನೋಡಿಸುತ್ತೇನೆ. ಗುತ್ತಿಗೆದಾರರಿಗೆ ಮುಂಗಡ ಕೊಡುವುದನ್ನು ತಡೆದಿದ್ದೇನೆ.